ಭಂಡಾರ ಹಚ್ಚಿದ ಚೀಟಿ

ಒಂದು ನಾಕಾಣೆ ಬಿಲ್ಲೆಗಾಗಿ ಇಬ್ಬರು ಗಂಡಸರು ಅಂಗಿ ಹರಿದುಕೊಂಡದ್ದನ್ನು ನಾನು ನೋಡಿದ್ದು ಮರಾಠಿ ಸೀಮೆಯ ನಿಗಡಿಯಲ್ಲಿ, ಅಕ್ಕನ ಖಾನಾವಳಿಯ ಬಾಗಿಲಲ್ಲಿ. ಇಬ್ಬರೂ ದುಡಿಯಲು ಬಂದ ನಮ್ಮ ಕನ್ನಡ ಕಡೆಯವರೇ. ಒಬ್ಬ ಮನೆ ಕಟ್ಟುವ ಗೌಂಡಿ, ಇನ್ನೊಬ್ಬ ಫೌಂಡ್ರಿಯಲ್ಲಿ ಉಸುಕು ಹೊರುವವನು. ಒಂದೇ ಬೆಂಚಿನ ಮೇಲೆ ಕೂತು ನಕ್ಕೋತ ಉಂಡಿದ್ದರು. ಇಬ್ಬರಿಗೂ ಸೇರಿ ಅಕ್ಕ ನಾಕಾಣೆ ತಿರುಗಿ ಕೊಡಬೇಕಿತ್ತು. ಅವಳ ಡಬ್ಬಿಯಲ್ಲಿ ಉಳಿದಿದ್ದದ್ದು ಅದೊಂದೇ ಬಿಲ್ಲೆ.

"ಇಬ್ರೂ ಹಂಚ್ಕೋರ್ರಿ. ಹೊರಗ ಹೋಗಿ ಕೂಡಿ ಚಾ ಕುಡೀರಿ," ಅಂದು ಗೌಂಡಿಯ ಕೈಯಲ್ಲಿ ಇಟ್ಟಳು.

"ನಾ ಚಾ ಕುಡಿಯಂಗಿಲ್ಲ," ಅಂದ ಫೌಂಡ್ರಿಯವನು.

"ಹಂಗಾದ್ರ ನಾ ಕುಡೀತೀನಿ, ನೀ ನೋಡ್ಕೋತ ಕುಂಡ್ರು," ಅಂದ ಗೌಂಡಿ.

ಅವನು ನಗೆಗೆ ಅಂದದ್ದು. ಆದರೆ ಇವನು ಹೊತ್ತು ಹುಟ್ಟಿದಾಗಿನಿಂದ ಉಸುಕು ಹೊತ್ತು ಬಂದವನು. ಬೆಳಿಗ್ಗೆ ಬಸ್ಸಿನ ಕಂಡಕ್ಟರ್ ಚಿಲ್ಲರೆ ಇಲ್ಲವೆಂದು ಟಿಕೀಟಿನ ಹಿಂದೆ ಬರೆದುಕೊಟ್ಟು ಇಳಿಸಿದ್ದ; ಕಿರಾಣಿ ಅಂಗಡಿಯವನು ಪೈಸೆಯ ಬದಲು ಪೆಪರಮೆಂಟು ಕೊಟ್ಟಿದ್ದ. ಈಗ ಸ್ವಂತ ಊರವನೇ ಹಿಂಗಂದ. ಕೊರಳಪಟ್ಟಿಗೆ ಕೈ ಹಾಕಿದ. ಬೆಂಚು ಬಿತ್ತು, ಸಾರಿನ ಪಾತೇಲಿ ಉರುಳಿತು. ನಾನು ನಡುವೆ ಹೋಗಿ ಒಂದು ಏಟು ತಿಂದೆ. ಬಿಡಿಸಿ ಕಳಿಸಿದ ಮೇಲೆ ನೋಡಿದರೆ ಆ ಬಿಲ್ಲೆ ಸಾರಿನೊಳಗೆ ಬಿದ್ದಿತ್ತು. ಅಕ್ಕ ಅದನ್ನು ಎತ್ತಿ ಸೆರಗಿಗೆ ಒರೆಸಿ, ಮತ್ತೆ ಡಬ್ಬಿಗೆ ಹಾಕಿದಳು.

"ಇವತ್ತ ಅಂಗಿ ಹರೀತು. ನಾಳೆ ತಲಿ ಒಡೀತದ, ತಮ್ಮಾ," ಅಂದಳು.

ಎಪ್ಪತ್ತರ ದಶಕ ಮುಗಿದು ಎಂಬತ್ತರದ್ದು ಶುರುವಾಗುವ ಹೊತ್ತು ಅದು. ನಾಣ್ಯಗಳು ಎಲ್ಲಿ ಹೋದವೋ ಯಾರಿಗೂ ಗೊತ್ತಿಲ್ಲ. ಕರಗಿಸಿ ಪಾತ್ರೆ ಮಾಡುತ್ತಾರೆ ಅನ್ನುವವರಿದ್ದರು, ಮುಂಬೈಗೆ ಚೀಲದಲ್ಲಿ ಹೋಗುತ್ತವೆ ಅನ್ನುವವರಿದ್ದರು. ರೂಪಾಯಿ ನೋಟು ಹಿಡಿದು ಅಂಗಡಿಗೆ ಹೋದರೆ ಮೊದಲ ಮಾತೇ "ಸುಟ್ಟೆ ಆಹೇತ ಕಾ?" ಚಿಲ್ಲರೆ ಇದೆಯೋ ಎಂದು ಕೇಳಿಯೇ ಸಾಮಾನಿಗೆ ಕೈ ಹಾಕುತ್ತಿದ್ದರು.

ಅಕ್ಕ ಅಂದರೆ ನನ್ನ ಒಡಹುಟ್ಟಿದವಳಲ್ಲ. ಖಾನಾವಳಿಗೆ ಬರುವವರೆಲ್ಲರಿಗೂ ಅವಳು ಅಕ್ಕ. ಸಿಂದಗಿ ಕಡೆಯವಳು. ಗಂಡ ಕಟ್ಟಡದ ಕೆಲಸಕ್ಕೆಂದು ಕರೆದುಕೊಂಡು ಬಂದು, ಎರಡು ಮಳೆಗಾಲದೊಳಗೆ ಗೋಡೆಗೆ ಕಟ್ಟಿದ ಬೊಂಬಿನ ಪರಂಚಿಯ ಮೇಲಿಂದ ಬಿದ್ದು ಸತ್ತ. ಊರಿಗೆ ತಿರುಗಿ ಹೋದರೆ ಮೈದುನರ ಮನೆಯಲ್ಲಿ ಕೈ ಒಡ್ಡಿ ನಿಲ್ಲಬೇಕು. ಹೋಗಲಿಲ್ಲ. ರಸ್ತೆಯ ಮಗ್ಗುಲಿಗೆ ಒಂದು ಪತ್ರಾಸಿನ ತಗಡಿನ ಶೆಡ್ಡು ಬಾಡಿಗೆಗೆ ಹಿಡಿದು ಒಲೆ ಹೂಡಿದಳು. ಜೋಳದ ರೊಟ್ಟಿ, ಝುಣಕ, ಹಿಂಡಿಪಲ್ಲೆ, ಕೆಂಪು ಖಾರ. ಆ ಶೆಡ್ಡು ಬಿಟ್ಟರೆ ಅವಳಿಗೆ ಬೇರೆ ಮನೆಯೂ ಇರಲಿಲ್ಲ. ಒಲೆಯ ಹಿಂದೆಯೇ ಮಲಗುತ್ತಿದ್ದಳು.

ನಾನು ಅಲ್ಲಿ ತಿಂಗಳ ಊಟದವನು. ಕಾರ್ಖಾನೆಯಲ್ಲಿ ಹೆಲ್ಪರ್. ಚಿಕ್ಕಂದಿನಲ್ಲಿ ನಮ್ಮೂರ ಸ್ಟ್ಯಾಂಡಿನ ಹೊಟೇಲಿನಲ್ಲಿ ಕಪ್ಪು-ಬಸಿ ತೊಳೆದವನಿಗೆ ಅಕ್ಷರ ಹತ್ತಿದ್ದೇ ಮೀಸೆ ಬಂದ ಮೇಲೆ. ಮೆಟ್ರಿಕ್ ಕಟ್ಟಿ ಪಾಸಾಗಿ, ಆಕುರ್ಡಿಯ ಒಂದು ಟೈಪಿಂಗ್ ಕ್ಲಾಸಿಗೆ ಸೇರಿದ್ದೆ. ಅಲ್ಲಿ ಕನ್ನಡದ ಮಿಷನ್ ಇರಲಿಲ್ಲ, ಮರಾಠಿಯದಿತ್ತು. ನನ್ನ ಬೆರಳು ಭಾಳ ನಿಧಾನ. ಈಗಲೂ ಅಷ್ಟೇ, ಇದನ್ನು ಬರೆಯುವಾಗಲೂ ಒಂದೊಂದೇ ಕೀಲಿ ಹುಡುಕಿ ಒತ್ತುತ್ತಿದ್ದೇನೆ.

ಜಗಳದ ಮರುದಿನ ಅಕ್ಕ ಕೇಳಿದಳು: "ನಿನ್ನ ಮಿಷನ್ನಿನ್ಯಾಗ ಸಣ್ಣ ಸಣ್ಣ ಚೀಟಿ ಹೊಡಿಯಾಕ ಬರ್ತದೇನೋ? ಐದು ಪೈಸಾ, ಹತ್ತು ಪೈಸಾ ಅಂತ. ನಾ ಚಿಲ್ಲರ ಬದಲಿ ಅದನ್ನ ಕೊಡ್ತೀನಿ. ನಾಳೆ ಊಟಕ್ಕ ಬಂದಾಗ ತಿರುಗಿ ಕೊಡ್ಲಿ, ಹಿಡೀತೀನಿ."

"ಕೈಲೇ ಬರದ್ರ ಆಗಂಗಿಲ್ಲೇನು?"

"ಕೈಲೇ ಬರದ್ರ ಎಲ್ಲಾರೂ ಬರಕೋತಾರ. ನಮ್ಮ ಮಂದಿ ನಿನಗ ಗೊತ್ತಿಲ್ಲ."

ಕಾಗದದ ಮೇಲೆ ಸಾಲಾಗಿ ಟೈಪ್ ಮಾಡಿ, ಕತ್ತರಿಸಿ, ಹಳೆಯ ಲಗ್ನಪತ್ರಿಕೆಗಳ ರಟ್ಟಿಗೆ ಹಿಟ್ಟಿನ ಅಂಟಿನಿಂದ ಅಂಟಿಸಿದೆವು. ಪ್ರತಿ ಚೀಟಿಗೂ ಒಂದು ನಂಬರು ಹೊಡೆದೆ. ಹಿಂದೆ ನೋಡಿದರೆ ಯಾರದೋ ಮದುವೆಯ ಅರ್ಧ ಕಳಸ, ಅರ್ಧ ಬಾಳೆಕಂಬ ಕಾಣುತ್ತಿತ್ತು. ಎದುರಿನ ಕಿರಾಣಿ ಅಂಗಡಿಯ ಶೇಠ ಮರಾಠಿಯವನು, ಅಕ್ಕನಿಗೆ ಜೋಳ-ಬೇಳೆ ಕೊಡುವವನು. ಚೀಟಿ ತಿರುವಿ ನೋಡಿ, "ನಾನೂ ಹಿಡಿಯುತ್ತೇನೆ, ನಿನ್ನ ಲೆಕ್ಕದಲ್ಲಿ ಕಳೆಯುತ್ತೇನೆ," ಅಂದ. ಬೀಡಿ ಅಂಗಡಿಯವನೂ ಒಪ್ಪಿದ.

ಅಷ್ಟಾದರೂ ಅಕ್ಕನಿಗೆ ನಿದ್ದೆ ಹತ್ತಲಿಲ್ಲ. ಟೈಪಿಂಗ್ ಕಲಿತವನು ನಾನೊಬ್ಬನೇ ಅಲ್ಲವಲ್ಲ. ಆಗ ದಾರಿ ಹೇಳಿದವನು ಮುತ್ತ್ಯಾ. ಅವನು ಹಿಂದೆ ಗೋದಾಮು ಕಾಯುತ್ತಿದ್ದ ಮುದುಕ. ಈಗ ತನ್ನ ಗುಡಿಸಲಿನಲ್ಲಿ ಗುಡ್ಡದ ಎಲ್ಲವ್ವನ ಜಗ, ಅಂದರೆ ದೇವಿಯ ಮುಖವಿಟ್ಟ ಬುಟ್ಟಿ, ಇಟ್ಟುಕೊಂಡು ಮಂಗಳವಾರ, ಶುಕ್ರವಾರ ಪೂಜೆ ಮಾಡುತ್ತಿದ್ದ. ನಮ್ಮ ಮಂದಿಯೆಲ್ಲ ಅವನ ಕಾಲಿಗೆ ಬೀಳುತ್ತಿದ್ದರು.

"ಏನ್ ಹೆದರತಿಯವ್ವಾ," ಅಂದ. "ಒಂದೊಂದಕ್ಕ ತಾಯಿ ಭಂಡಾರ ಹಚ್ಚೂಣು. ಯಾವ ಮಗಾ ಖೊಟ್ಟಿ ಚೀಟಿ ಮಾಡಿ ಭಂಡಾರ ಹಚ್ಚತಾನ ನೋಡ್ತೀನಿ. ಕೈ ಸೇದಿ ಹೋಗ್ತಾವು."

ಎಣ್ಣೆಯಲ್ಲಿ ಅದ್ದಿದ ಹೆಬ್ಬೆರಳನ್ನು ಅರಿಶಿನದ ಭಂಡಾರಕ್ಕೆ ಒತ್ತಿ, ಪ್ರತಿ ಚೀಟಿಯ ಮೂಲೆಗೆ ಒತ್ತಿದ. ಅವನು ಹೇಳಿದ್ದು ಖರೆಯಾಯಿತು. ಒಂದೇ ಒಂದು ಖೊಟ್ಟಿ ಚೀಟಿ ಬರಲಿಲ್ಲ.

ಆದರೆ ಖರೆ ಚೀಟಿಗಳೂ ಹೆಚ್ಚು ತಿರುಗಿ ಬರಲಿಲ್ಲ.

ಮೊದಲಿಗೆ ನಮಗೆ ತಿಳಿಯಲಿಲ್ಲ. ಡಬ್ಬಿಯ ಚೀಟಿ ತೀರುತ್ತಿದ್ದವು, ನಾನು ಮತ್ತಷ್ಟು ಟೈಪ್ ಮಾಡುತ್ತಿದ್ದೆ. ಒಂದು ದಿನ ಗೌಂಡಿಯನ್ನು ಕೇಳಿದೆ, ನೀನು ಚೀಟಿ ತಿರುಗಿ ಕೊಟ್ಟಿದ್ದೇ ಕಾಣಲಿಲ್ಲವಲ್ಲ ಎಂದು.

"ಭಂಡಾರದ್ದು ಹಿಂದಿನ ಕಿಸೇದಾಗ ಇಡಾಕ ಆಗ್ತದೇನ್ರಿ? ಕುಂತ್ರ ಅದರ ಮ್ಯಾಲೇ ಕುಂತಂಗ," ಅಂದ. "ನಮ್ಮಾಕಿ ದೇವರ ಜಗಲಿ ಮ್ಯಾಲ ಇಟ್ಟಾಳ. ಬೀಡಿ ಅಂಗಡಿಗೆ ಒಯ್ದ್ರ ಬೈತಾಳ. ಭಾಳ ತ್ರಾಸ ಆಗೇದ್ರಿ ನಿಮ್ಮ ಚೀಟೀದು."

ಬರೀ ಜಗಲಿಯ ಮೇಲಿದ್ದರೆ ಸರಿಯಿತ್ತು. ನಮ್ಮ ಕಡೆ ಹರಕೆ ಹೊತ್ತವರು ಒಂದು ನಾಣ್ಯವನ್ನು ಅರಿಶಿನದ ಬಟ್ಟೆಯಲ್ಲಿ ಕಟ್ಟಿ ಮುಡಿಪು ಇಡುತ್ತಾರೆ. ಹರಕೆ ತೀರಿದ ಮೇಲೆ ಗುಡ್ಡಕ್ಕೆ ಹೋಗಿ ದೇವಿಯ ಮುಂದೆಯೇ ಅದನ್ನು ಬಿಚ್ಚಬೇಕು. ನಡುವೆ ಬಿಚ್ಚಿದರೆ ಹರಕೆ ಮುರಿದ ಹಾಗೆ. ಆಗ ಕಟ್ಟಲು ನಾಣ್ಯ ಎಲ್ಲಿವೆ? ಹೆಂಗಸರು ಅಕ್ಕನ ಚೀಟಿ ಕಟ್ಟಿದರು. ಹೇಗೂ ಭಂಡಾರ ಹತ್ತಿದ್ದು, ನಾಣ್ಯಕ್ಕಿಂತ ಒಂದು ಕೈ ಮೇಲೇ.

ಅಕ್ಕ ಇದನ್ನು ಕೇಳಿ ನಕ್ಕಳು. "ತಾಯೀನ ನನ್ನ ಸಾಲ ತನ್ನ ಹೆಗಲ ಮ್ಯಾಲ ತಗೊಂಡಾಳ, ತಮ್ಮಾ," ಅಂದಳು. ಅವಳು ಅಷ್ಟು ಹಗುರಾಗಿ ನಕ್ಕದ್ದು ಆ ವರ್ಷ ಅದೇ ಕಡೆಯದು.

ಶೆಡ್ಡಿನ ಮಾಲಕ ಕೋಥರೂಡದಲ್ಲಿ ಇರುತ್ತಿದ್ದ. ರವಿವಾರಕ್ಕೊಮ್ಮೆ ಸ್ಕೂಟರಿನ ಮೇಲೆ ಬಂದು ಜಾಗ ನೋಡಿಕೊಂಡು ಹೋಗುತ್ತಿದ್ದ. ಸುತ್ತ ಕಾರ್ಖಾನೆ ಬೆಳೆಯುತ್ತಿದ್ದವು. ಶೆಡ್ಡು ಕೆಡವಿ ಮೇಲೆ-ಕೆಳಗೆ ಖೋಲಿ ಕಟ್ಟಿದರೆ ಎಷ್ಟು ಬಾಡಿಗೆ ಬರುತ್ತದೆಂದು ಅವನ ಲೆಕ್ಕ. ಅಕ್ಕ ಒಂದು ತಿಂಗಳೂ ಬಾಡಿಗೆ ತಪ್ಪಿಸಿರಲಿಲ್ಲ, ಹಾಗಾಗಿ ಬಿಡಿಸಲು ನೆಪ ಇರಲಿಲ್ಲ. ಒಂದು ರವಿವಾರ ಬಂದವನು ಅಪರೂಪಕ್ಕೆ ಕೂತು ಊಟ ಮಾಡಿದ. ದುಡ್ಡು ಕೊಟ್ಟ. ಅಕ್ಕ ತಿರುಗಿ ಕೊಡಬೇಕಾದದ್ದಕ್ಕೆ ಹೊಸ ಕಟ್ಟಿನಿಂದ ಎರಡು ಚೀಟಿ ತೆಗೆದು ಕೊಟ್ಟಳು. ಹಿಂದೆ-ಮುಂದೆ ತಿರುವಿ ನೋಡಿದ. ಒಂದನ್ನು ಅಂಗಿಯ ಜೇಬಿಗೆ ಹಾಕಿಕೊಂಡ, ಇನ್ನೊಂದನ್ನು ಪಾಕೀಟಿನಲ್ಲಿ ಇಟ್ಟುಕೊಂಡ.

"ಮಾಲಕರೂ ನಮ್ಮ ಚೀಟಿ ಹಿಡದ್ರು ನೋಡು," ಅಂದಳು ಅಕ್ಕ, ಅವನು ಹೋದ ಮೇಲೆ.

ಮಂಗಳವಾರ ಪೊಲೀಸ ಚೌಕಿಯಿಂದ ಹವಾಲ್ದಾರ ಬಂದ. ಖಾನಾವಳಿಯ ಬಾಯಿಯನ್ನು, ಅಂದರೆ ಅಕ್ಕನನ್ನು, ಸಾಹೇಬರು ಕರೆದಿದ್ದಾರೆ ಅಂದ. ಹೆದರಿಕೆಗೆ ಅಕ್ಕನ ಕೈಯ ರೊಟ್ಟಿ ಹಂಚಿನ ಮೇಲೆ ಹಾಗೇ ಕರಕಾಯಿತು. ಮರಾಠಿ ಓದಲು-ಬರೆಯಲು ಬರುತ್ತದೆಂದು ನನ್ನನ್ನೂ ಜೊತೆಗೆ ಕರೆದುಕೊಂಡಳು.

ಫೌಜದಾರರು ನಡುವಯಸ್ಸಿನವರು, ಜೋರು ದನಿಯವರಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಮೇಜಿನ ಮೇಲೆ ನಮ್ಮ ಚೀಟಿ ಇತ್ತು. ಮಾಲಕ ಮೂಲೆಯ ಕುರ್ಚಿಯಲ್ಲಿ ಕೂತಿದ್ದ. ಅಲ್ಲಿ ನಡೆದದ್ದೆಲ್ಲ ಮರಾಠಿ ಮಾತು, ಅಕ್ಕನದು ಅರ್ಧ ಕನ್ನಡ ಕೂಡಿದ ಮರಾಠಿ. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

"ಇದು ಯಾವ ಸರ್ಕಾರದ ನೋಟು, ಬಾಯಿ?" ಎಂದು ಕೇಳಿದರು.

"ನೋಟಲ್ರಿ ಸಾಹೇಬ. ರೊಟ್ಟಿ ಚೀಟಿ."

"ಪೈಸೆ ಅಂತ ಬರೆದಿದೆ. ನಂಬರ್ ಇದೆ. ಶೇಠನ ಅಂಗಡಿಯಲ್ಲಿ ನಡೆಯುತ್ತದೆ, ಬೀಡಿ ಅಂಗಡಿಯಲ್ಲಿ ನಡೆಯುತ್ತದೆ. ರೊಟ್ಟಿ ಚೀಟಿಗೆ ಬೀಡಿ ಸಿಗುತ್ತದೇನು?"

ಅಕ್ಕ ನನ್ನ ಮುಖ ನೋಡಿದಳು.

"ಎಷ್ಟು ಮಾಡಿದ್ದೀರಿ?" ಎಂದು ನನ್ನ ಕಡೆ ನೋಡಿದರು.

ನಾಲ್ಕುನೂರಾ ಹನ್ನೆರಡು, ಎಂದೆ. ಬೇರೆ ಏನಾದರೂ ಹೇಳಬಹುದಿತ್ತು ಎಂಬುದು ಆಗ ಹೊಳೆಯಲೂ ಇಲ್ಲ. ಮಾಲಕ ಕುರ್ಚಿಯಲ್ಲಿ ಸರಿದು ಕೂತ.

ಫೌಜದಾರರು ಆ ಸಂಖ್ಯೆಯನ್ನು ಕಾಗದದ ಮೇಲೆ ಬರೆದುಕೊಂಡರು. "ಕೇಸು ಮಾಡುವ ಇಚ್ಛೆ ನನಗಿಲ್ಲ. ಆದರೆ ಇವರು ಬರೆದು ಕೊಟ್ಟಿದ್ದಾರೆ, ನಾನು ಕಣ್ಣು ಮುಚ್ಚುವ ಹಾಗಿಲ್ಲ. ಶನಿವಾರ ಮಧ್ಯಾಹ್ನ ನಾನೇ ಬರುತ್ತೇನೆ. ನಾಲ್ಕುನೂರಾ ಹನ್ನೆರಡೂ ನನ್ನ ಮುಂದೆ ಇರಬೇಕು, ನನ್ನ ಕಣ್ಣೆದುರು ಸುಡಬೇಕು. ಒಂದು ಹೊರಗೆ ಉಳಿದರೂ ಕೇಸು. ಖಾನಾವಳಿಗೆ ಬೀಗ-ಕೀಲಿ."

ಹೊರಗೆ ಬಂದು ಅಕ್ಕ ಖಾನಾವಳಿಯ ಕಡೆ ಸರಸರ ನಡೆದಳು. ಆಮೇಲೆ, "ಖರೇ ಹೇಳಿದಿ, ಛಲೋ ಆತು," ಅಂದಳು. "ಇನ್ನ ಆ ಖರೇದ ಬೆನ್ನ ಹತ್ತಿ ಓಡೂಣು ನಡಿ."

ಓಡಿದೆವು. ಚೀಟಿ ತಂದವರಿಗೆ ರೊಟ್ಟಿ, ಇಲ್ಲವೇ ತಿಂಗಳ ಊಟದ ಲೆಕ್ಕದಲ್ಲಿ ವಜಾ ಎಂದು ಅಕ್ಕ ಸಾರಿದಳು. ಶೇಠ ತನ್ನಲ್ಲಿದ್ದದ್ದನ್ನೆಲ್ಲ ಒಂದು ವನಸ್ಪತಿ ಡಬ್ಬಿಯಲ್ಲಿ ತುಂಬಿ ಕಳಿಸಿದ. ಬೀಡಿ ಅಂಗಡಿಯವನು ಕೊಟ್ಟ. ನಾನು ಒಂದು ಉದ್ದ ತಂತಿಗೆ, ನಂಬರಿಗೊಂದು ಜಾಗ ಬಿಟ್ಟು, ಚೀಟಿಯ ಅಂಚು ಸೀಳಿ ಚುಚ್ಚುತ್ತ ಹೋದೆ. ಮೊದಲ ದಿನ ತಂತಿ ಭರ್ರನೆ ತುಂಬಿತು. ಎರಡನೆಯ ದಿನ ನಿಧಾನವಾಯಿತು. ಶುಕ್ರವಾರ ಮುಂಜಾನೆಗೆ ನಿಂತೇ ಹೋಯಿತು. ತಂತಿಯ ನಡುನಡುವೆ ಹಲ್ಲು ಬಿದ್ದ ಬಾಯಿಯ ಹಾಗೆ ಖಾಲಿ. ಇನ್ನೂ ಎಂಬತ್ತರ ಮೇಲೆ ಬರಬೇಕಿತ್ತು.

ಅವೆಲ್ಲ ಮುಡಿಪಿನೊಳಗಿದ್ದವು.

ಮನೆಮನೆಗೆ ಹೋದೆವು. ಒಬ್ಬ ಹೆಣ್ಣುಮಗಳ ಗಂಡ ದೇಹೂ ರೋಡಿನ ಮಿಲಿಟರಿ ಡಿಪೋದಲ್ಲಿ ಹಂಗಾಮಿ ಹಮಾಲಿ. ಅವನ ಕೆಲಸ ಕಾಯಂ ಆಗಲೆಂದು ಅವಳು ಮುಡಿಪು ಕಟ್ಟಿದ್ದಳು. ಅಕ್ಕನನ್ನು ನೋಡಿದ ಕೂಡಲೇ ಒಳಗೆ ಹೋಗಿ ಜಗಲಿಗೆ ಬೆನ್ನು ಕೊಟ್ಟು ನಿಂತಳು.

"ಅಕ್ಕಾ, ಕೈಯಾನ ಬಳಿ ಕೇಳ್ರಿ, ಕೊಡ್ತೀನಿ. ಮುಡಪ ಕೇಳಬ್ಯಾಡ್ರಿ."

"ನಾ ಕೇಳಾಕ ಬಂದಿಲ್ಲವಾ. ಹೇಳಾಕ ಬಂದೀನಿ. ನಾಳೆ ನನ್ನ ಬಾಗಲಕ್ಕ ಕೀಲಿ ಬೀಳ್ತದ."

"ಹಂಗನ್ನಬ್ಯಾಡ್ರಿ. ಬಿಚ್ಚಿದ್ರ ಇವರಿಗೆ ಏನರೆ ಆದ್ರ ನಾ ಯಾರ ಬಾಗಲಕ್ಕ ಹೋಗಲಿ?"

ಗಂಡ ಸತ್ತವಳ ಮುಂದೆ ಆ ಮಾತು ಬಾಯಿಂದ ಬಿತ್ತೆಂದು ತಿಳಿದು ಅವಳೇ ಅತ್ತಳು. ಅಕ್ಕ ಅವಳ ತಲೆ ಸವರಿ ಹೊರಗೆ ಬಂದಳು. ಆಮೇಲೆ ಯಾವ ಮನೆಗೂ ನಾವು ಹೋಗಲಿಲ್ಲ. ಮುತ್ತ್ಯಾನ ಗುಡಿಸಲಿಗೆ ಹೋದೆವು.

"ನೀ ಹಚ್ಚಿದ ಭಂಡಾರ, ಮುತ್ತ್ಯಾ. ಬಿಚ್ಚಿದ್ರ ದೋಷಿಲ್ಲ ಅಂತ ನೀ ಒಂದು ಮಾತ ಹೇಳು. ಮಂದಿ ಕೇಳ್ತಾರ," ಅಂದಳು ಅಕ್ಕ.

ಮುದುಕ ಎಲ್ಲವ್ವನ ಜಗದ ಕಡೆ ಕೈ ಮುಗಿದ. "ಹಚ್ಚೂದು ನನ್ನ ಕೈಯಾಗಿತ್ತು. ಕಟ್ಟಿದವ್ರು ಅವ್ರು, ಹಿಡಕೊಂಡಾಕಿ ಆಕಿ. ನಡುವ ನಾ ಯಾಂವ? ಸುಳ್ಳ ಹೇಳಲ್ಯಾ?"

"ಹಂಗಾದ್ರ ನಾ ಏನ್ ಮಾಡ್ಲಿ?"

"ಮುಡಪ ತರಾಕ ಹೇಳು. ಬಿಚ್ಚಬ್ಯಾಡ್ರಿ, ತರ್ರಿ ಅನ್ನು. ತಂದ್ರ ತಪ್ಪಿಲ್ಲ."

ಶನಿವಾರ ಮಧ್ಯಾಹ್ನ. ಅಕ್ಕ ಅವತ್ತು ಒಲೆ ಹಚ್ಚಿರಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ಮುಡಿಪನ್ನು ಒಂದು ಮೊರದಲ್ಲಿ ಇಟ್ಟು, ಕೈ ಮುಗಿದು, ಕಣ್ಣಿಂದ ಮರೆಯಾಗಲು ಬಿಡದೆ ಗೋಡೆಗೆ ಒತ್ತಿ ನಿಂತರು. ದೇಹೂ ರೋಡಿನವಳೂ ಬಂದಿದ್ದಳು. ಗಂಡಸರು ಹೊರಗೆ. ಜಗಳವಾಡಿದ ಗೌಂಡಿ ಮತ್ತು ಫೌಂಡ್ರಿಯವನು ಒಂದೇ ಕಟ್ಟೆಯ ಮೇಲೆ ಕೂತಿದ್ದರು, ಒಬ್ಬರ ಮುಖ ಒಬ್ಬರು ನೋಡದೆ.

ಫೌಜದಾರರು ಹವಾಲ್ದಾರನೊಂದಿಗೆ ಬಂದರು. ಹಿಂದೆಯೇ ಮಾಲಕನ ಸ್ಕೂಟರ್. ಅವನ ಕೈಯಲ್ಲಿ ಅಂಗಡಿಯ ಕಾಗದ ಬಿಚ್ಚದ ಹೊಸ ಬೀಗ-ಕೀಲಿ ಇತ್ತು. ಅದನ್ನು ಬೆಂಚಿನ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಇಟ್ಟ.

ನಾನು ತಂತಿ ಕೊಟ್ಟೆ. ಫೌಜದಾರರು ಖಾಲಿ ಜಾಗಗಳನ್ನು ಬೆರಳಿನಿಂದ ಮುಟ್ಟುತ್ತ ಹೋದರು. "ಉಳಿದವು?"

ಅಕ್ಕ ಮೊರ ಮುಂದಿಟ್ಟಳು. ಹಳದಿ ಗಂಟುಗಳ ರಾಶಿ ನೋಡಿ ಅವರ ಕೈ ತಾನಾಗಿಯೇ ತಲೆಗೆ ಹೋಗಿ ಟೋಪಿ ತೆಗೆಯಿತು. ಅವರ ಮನೆದೇವರು ಜೇಜುರಿಯ ಖಂಡೋಬನಂತೆ, ಆಮೇಲೆ ಹವಾಲ್ದಾರ ಹೇಳಿದ. ಭಂಡಾರ ಎಂದರೆ ಏನೆಂದು ಅವರಿಗೆ ಯಾರೂ ತಿಳಿಸಬೇಕಾಗಿರಲಿಲ್ಲ.

"ಇದನ್ನು ನಾನು ಮುಟ್ಟುವುದಿಲ್ಲ," ಅಂದರು.

"ಒಳಗೆ ಹಂಚಿನ ಚೂರಿದ್ದರೆ?" ಅಂದ ಮಾಲಕ. "ಹಳದಿ ಬಟ್ಟೆ ನೋಡಿದೆ ಅಂತ ಕಾಗದದಲ್ಲಿ ಬರೆಯುತ್ತೀರಾ, ಸಾಹೇಬ?"

ಫೌಜದಾರರಿಗೆ ಆ ಮಾತು ಸೇರಲಿಲ್ಲ, ಆದರೆ ತಳ್ಳಿಹಾಕಲೂ ಆಗಲಿಲ್ಲ. "ಬಾಯಿ, ಚೀಟಿ ನೋಡದೆ ನಾನು ಹೋಗುವ ಹಾಗಿಲ್ಲ. ನಿಮ್ಮ ನಿಮ್ಮ ಕೈಯಾರೆ ಬಿಚ್ಚಿರಿ."

ಯಾರೂ ಅಲುಗಾಡಲಿಲ್ಲ. ಹೊರಗೆ ಹೈವೇಯಲ್ಲಿ ಟ್ರಕ್ಕುಗಳು ಹೋಗುತ್ತಿದ್ದವು, ಪತ್ರಾಸು ಗದಗದ ನಡುಗುತ್ತಿತ್ತು. ಫೌಜದಾರರು ಬಾಗಿಲ ಕಡೆ ನೋಡಿದರು. ಮಾಲಕ ಕೀಲಿಯ ಕಾಗದ ಬಿಚ್ಚತೊಡಗಿದ.

ಅಕ್ಕ ಎದ್ದಳು. ಒಲೆಯ ಹಿಂದಿನ ಗೂಡಿನಲ್ಲಿ ದೇವಿಯ ಫೋಟೋದ ಬೆನ್ನಿಗೆ ಕೈ ಹಾಕಿ ಒಂದು ಗಂಟು ತೆಗೆದಳು. ಅದರ ಹಳದಿ ಎಂದೋ ಹೋಗಿತ್ತು, ಹೊಗೆ ಹತ್ತಿ ಕರ್ರಗಾಗಿತ್ತು. ನೆಲದ ಮೇಲೆ ಕೂತು ಉಗುರಿನಿಂದ ಬಿಚ್ಚಲು ನೋಡಿದಳು. ಬರಲಿಲ್ಲ. ಚೀಲ ಹೊಲಿಯುವ ದಬ್ಬಣ ತೆಗೆದುಕೊಂಡಳು.

"ಯಕ್ಕಾ!" ಅಂದಳು ದೇಹೂ ರೋಡಿನವಳು. ಅಕ್ಕ ತಲೆ ಎತ್ತಲಿಲ್ಲ. ಗಂಟು ಸಡಿಲಾಯಿತು. ಒಳಗಿನಿಂದ ಒಂದು ಎಂಟಾಣೆ ಬಿಲ್ಲೆ ಅವಳ ಅಂಗೈಗೆ ಬಿತ್ತು.

"ಇದರಲ್ಲಿ ಚೀಟಿ ಇಲ್ಲವಲ್ಲ, ಬಾಯಿ," ಅಂದರು ಫೌಜದಾರರು.

"ಇಲ್ರಿ ಸಾಹೇಬ. ಇದು ಖಾನಾವಳೀದು ಮೊದಲನೇ ಗಳಿಕಿ. ಯಾರ ಮುಂದೂ ಕೈ ಒಡ್ಡೂ ಹಂಗ ಮಾಡಬ್ಯಾಡ, ನಂದಂತ ಒಂದು ಸ್ವಂತ ಸೂರು ಆದಮ್ಯಾಲ ನಡಕೋತ ಗುಡ್ಡಕ್ಕ ಬರ್ತೀನಿ ಅಂತ ಕಟ್ಟಿದ್ದೆ."

"ಮತ್ತೆ ಯಾಕೆ ಬಿಚ್ಚಿದಿರಿ?"

"ಮಂದಿಗೆ ಬಿಚ್ಚಂತ ಹೇಳೂಕಿಂತ ಮೊದಲ ನಂದು ಬಿಚ್ಚಬೇಕಲ್ರಿ."

ಆ ಎಂಟಾಣೆಯನ್ನು ಕಣ್ಣಿಗೆ ಒತ್ತಿಕೊಂಡು ನೆಲದ ಮೇಲಿಟ್ಟಳು. ಮೊರದ ಕಡೆ ಕೈ ಮಾಡಲಿಲ್ಲ, ಯಾರ ಮುಖವನ್ನೂ ನೋಡಲಿಲ್ಲ.

ದೇಹೂ ರೋಡಿನವಳು ಗೋಡೆ ಬಿಟ್ಟು ಬಂದಳು. ಮೊರದಿಂದ ತನ್ನ ಗಂಟನ್ನು ಕಸಿದುಕೊಂಡಳು. ಒಯ್ದೇ ಬಿಡುತ್ತಾಳೆ ಎಂದು ನಾನು ತಿಳಿದೆ. ಅಲ್ಲೇ ಕೂತು, ಅಳುತ್ತ, ಬೈಯುತ್ತ ಬಿಚ್ಚಿದಳು. ಯಾರನ್ನು ಬೈದಳೋ, ಮಾಲಕನನ್ನೋ ದೇವಿಯನ್ನೋ, ತಿಳಿಯಲಿಲ್ಲ. ಅವಳ ಹಿಂದೆ ಇನ್ನೊಬ್ಬಳು. ಆಮೇಲೆ ಮೊರದ ಸುತ್ತ ಹೆಂಗಸರ ಬಳೆಗಳ ಸಪ್ಪಳವೇ. ಬಂದ ಬಂದ ಚೀಟಿಗಳನ್ನು ನಾನು ಖಾಲಿ ಜಾಗಗಳಿಗೆ ಚುಚ್ಚುತ್ತ ಹೋದೆ. ಫೌಜದಾರರು ಜೇಬಿನಿಂದ ತಮ್ಮ ಬಳಿ ಇದ್ದ ಒಂದನ್ನು ತೆಗೆದು ತಾವೇ ಚುಚ್ಚಿದರು. ಮೊರ ಖಾಲಿಯಾಯಿತು.

ತಂತಿಯಲ್ಲಿ ಒಂದು ಜಾಗ ಉಳಿಯಿತು.

ಮತ್ತೆ ನೋಡಿದೆ. ಕೆಳಗಿನಿಂದ ನೋಡಿದೆ. ಬೆಂಚಿನ ಕೆಳಗೆ, ಹೆಂಗಸರ ಸೀರೆಯ ನಿರಿಗೆಯ ಕೆಳಗೆ ಹುಡುಕಿದೆವು. ಇಲ್ಲ. ಹೊರಗಿದ್ದ ಗಂಡಸರೆಲ್ಲ ಜೇಬು ತಿರುವಿ ತೋರಿಸಿದರು. ಮಾಲಕ ಎದ್ದು ಕೀಲಿಯನ್ನು ಕೈಯಲ್ಲಿ ಹಿಡಿದ.

"ಒಂದು ಉಳಿದರೂ ಅಂತ ಸಾಹೇಬರೇ ಹೇಳಿದ್ದರು," ಅಂದ.

"ಯಾವ ಜಾಗಾ ಖಾಲಿ ಅದ, ತಮ್ಮಾ?" ಎಂದು ಅಕ್ಕ ಕೇಳಿದಳು.

ಸಾಹೇಬರು ಈಗ ಚುಚ್ಚಿದರಲ್ಲ, ಅದರ ಮಗ್ಗುಲಿನದು, ಎಂದೆ.

ಅಕ್ಕ ಸಾವಕಾಶ ಮಾಲಕನ ಕಡೆ ತಿರುಗಿದಳು. "ಎರಡು ಕೊಟ್ಟಿದ್ದೆ ನಿಮಗ. ಜೋಡಿ. ಒಂದು ಸಾಹೇಬರಿಗೆ ಕೊಟ್ರಿ. ಇನ್ನೊಂದು?"

"ಒಂದೇ ಕೊಟ್ಟಿದ್ದು ನೀನು."

ಅಕ್ಕ ಜಗಳ ತೆಗೆಯಲಿಲ್ಲ. ಗೂಡಿನಿಂದ ಭಂಡಾರದ ಬಟ್ಟಲು ತಂದು ಅವನ ಮುಂದೆ ಹಿಡಿದಳು. "ಮಾಲಕರ, ದೊಡ್ಡ ಮಾತ ಬ್ಯಾಡ. ಭಂಡಾರ ಎತ್ತಿ, ನನ್ನ ಹತ್ತರ ಇಲ್ಲ ಅನ್ರಿ. ಆ ಕೀಲಿ ನಾನ ಹಾಕ್ತೀನಿ. ನನ್ನ ಕೈಲೇ ಹಾಕ್ತೀನಿ."

ಮರಾಠಿ ಸೀಮೆಯಲ್ಲೂ ಭಂಡಾರ ಎತ್ತಿ ಆಣೆ ಮಾಡಿದರೆ ಅದಕ್ಕೆ ಮೇಲೆ ಮಾತಿಲ್ಲ. ಮಾಲಕ ನಕ್ಕ. ಬಟ್ಟಲಿನ ತನಕ ಕೈ ತಂದ. ಫೌಜದಾರರು ಅವನ ಬೆರಳುಗಳನ್ನೇ ನೋಡುತ್ತಿದ್ದರು. ಕೈ ಅಲ್ಲಿಯೇ ನಿಂತಿತು. ನಂತರ ಆ ಕೈ ಹಿಂದಕ್ಕೆ ಸರಿದು ಪ್ಯಾಂಟಿನ ಜೇಬಿಗೆ ಹೋಯಿತು, ಪಾಕೀಟು ಹೊರಬಂತು. ರೂಪಾಯಿ ನೋಟುಗಳ ಹಿಂದಿನಿಂದ ಅರ್ಧ ಕಳಸದ ಚಿತ್ರದ ರಟ್ಟು ತೆಗೆದ.

"ಮರೆತಿದ್ದೆ," ಅಂದ.

"ಪಾಕೀಟಿನ್ಯಾಗ ನೋಟಿನ ಕೂಡ ಇಟ್ಟಾರ. ಮಾಲಕರಿಗೂ ನಮ್ಮ ಚೀಟಿ ಮ್ಯಾಲ ಭಕ್ತಿ," ಅಂದ ಗೌಂಡಿ ಹೊರಗಿನಿಂದ. ಮೊದಲು ನಕ್ಕವನು ಫೌಂಡ್ರಿಯವನು.

ಅಕ್ಕನ ಒಲೆಯಲ್ಲಿಯೇ ಚೀಟಿಗಳನ್ನು ಸುಟ್ಟೆವು. ಭಂಡಾರ ಹತ್ತಿದ್ದು ಸುಡುವುದೆಂದರೆ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಮುತ್ತ್ಯಾ ಮುಂದೆ ಬಂದು ಏನೋ ಮಣಮಣಿಸಿ ಮೊದಲ ಚೀಟಿಯನ್ನು ತಾನೇ ಒಲೆಗೆ ಹಾಕಿದ. ಫೌಜದಾರರು ಕೊನೆಯ ರಟ್ಟು ಬೂದಿಯಾಗುವ ತನಕ ನಿಂತು, ಟೋಪಿ ಹಾಕಿಕೊಂಡು ಹೋದರು. ಮಾಲಕ ಕೀಲಿಯನ್ನು ಬೆಂಚಿನ ಮೇಲೆ ಮರೆತು ಹೋದ. ಮುಂದಿನ ತಿಂಗಳ ಬಾಡಿಗೆಯ ಜೊತೆಗೆ ಅಕ್ಕ ಅದನ್ನು ಅವನ ಕೈಯಲ್ಲಿಟ್ಟಳು.

ಅವರು ಹೋದ ಮೇಲೂ ಯಾರೂ ಮನೆಗೆ ಹೋಗಲಿಲ್ಲ. ಬಿಚ್ಚಿದ ಹಳದಿ ಬಟ್ಟೆಗಳು ನೆಲದ ತುಂಬ ಬಿದ್ದಿದ್ದವು. ಖಾನಾವಳಿ ಉಳಿಯಿತು, ಸರಿ. ಮುರಿದ ಹರಕೆಗಳ ಗತಿ ಏನು? ಎಲ್ಲರೂ ಮುತ್ತ್ಯಾನ ಮುಖ ನೋಡಿದರು.

"ತಪ್ಪುಗಾಣಿಕಿ ಕಟ್ಟಬೇಕು," ಅಂದ ಮುದುಕ. "ಎಲ್ಲಾರೂ ಕೂಡಿ ಒಂದ ಗಂಟು. ತಾಯಿ ತಿಳಕೋತಾಳ. ಆದ್ರ ಚೀಟಿ-ಗೀಟಿ ನಡ್ಯಂಗಿಲ್ಲ. ಬಿಲ್ಲೇನ ಆಗಬೇಕು."

ಅಕ್ಕ ತನ್ನ ಎಂಟಾಣೆಯನ್ನು ಮೊರದಲ್ಲಿಟ್ಟಳು. ಹೆಂಗಸರು ಎದ್ದು ಹೋದರು. ಅವರು ತಿರುಗಿ ಬರುವುದಿಲ್ಲ, ಬಿಲ್ಲೆ ಎಲ್ಲಿಂದ ತಂದಾರು ಎಂದುಕೊಂಡು ನಾನು ಬೆಂಚುಗಳನ್ನು ಸರಿ ಇಡತೊಡಗಿದೆ.

ಬಂದರು. ದೇಹೂ ರೋಡಿನವಳು ಜೋಳದ ಗಡಿಗೆಯ ತಳದಿಂದ ತೆಗೆದ ಐದು ಪೈಸೆ ತಂದಳು, ಇನ್ನೂ ಜೋಳದ ಧೂಳು ಹತ್ತಿತ್ತು. ಒಬ್ಬಳು ಕೌದಿಯ ಹೊಲಿಗೆ ಬಿಚ್ಚಿ ತಂದಳು. ಒಬ್ಬಳು ಗಂಡನಿಗೆ ಗೊತ್ತಾಗದ ಹಾಗೆ ಕುಪ್ಪಸದೊಳಗಿನ ಚೀಲದಿಂದ ತೆಗೆದಳು, ಗಂಡ ಅವಳಿಗೆ ಗೊತ್ತಾಗದ ಹಾಗೆ ಟೋಪಿಯ ಮಡಿಕೆಯಿಂದ ತೆಗೆದ. ಮೊರದ ಹತ್ತಿರ ಇಬ್ಬರೂ ಎದುರಾದರು. ಫೌಂಡ್ರಿಯವನು ಚಪ್ಪಲಿ ಹೊರಗೆ ಬಿಟ್ಟು ಬಂದು ನಾಕಾಣೆ ಹಾಕಿದ. ಹತ್ತು ಪೈಸೆ, ಇಪ್ಪತ್ತು ಪೈಸೆ, ಅಂಚು ಡೊಂಕಾದ ಎರಡು ಪೈಸೆ. ಮೊರ ತುಂಬುತ್ತ ಬಂದ ಹಾಗೆ ಅಕ್ಕನ ಮುಖ ಕೆಂಪಾಗುತ್ತ ಬಂತು.

"ಭಾಡ್ಯಾಗಳ್ರಾ!" ಎಂದು ಕೂಗಿದಳು ಕಡೆಗೆ. "ಇಷ್ಟು ಚಿಲ್ಲರ ಮನ್ಯಾಗ ಹುಗದು ಇಟ್ಟು, ನನ್ನ ಚೌಕಿ ಕಟ್ಟಿ ಹತ್ತಿಸಿದ್ರಲ್ಲೋ!"

"ಎಲ್ಲಾರೂ ಇಟ್ಟಾರಂತ ನಾವೂ ಇಟ್ಟಿವ್ರಿ ಯಕ್ಕಾ," ಅಂದ ಗೌಂಡಿ, ತಲೆ ಕೆರೆದುಕೊಳ್ಳುತ್ತ. "ತೀರೇ ಹೋದ್ವು ಅಂದ್ರ ಏನ್ ಗತಿ ಅಂತ."

ಅಕ್ಕ ಬೈಯುತ್ತಲೇ ನಕ್ಕಳು, ನಗುತ್ತಲೇ ಕಣ್ಣು ಒರೆಸಿಕೊಂಡಳು. ಹೊಸ ಹಳದಿ ಬಟ್ಟೆ ಹರಿದು ಎಲ್ಲವನ್ನೂ ಸುರಿದು ಗಟ್ಟಿಯಾಗಿ ಗಂಟು ಹಾಕಿದಳು. ಎತ್ತಲು ನನಗೂ ಭಾರವಾಯಿತು. ಅದನ್ನು ಗೂಡಿನಲ್ಲಿ, ಫೋಟೋದ ಬೆನ್ನಿಗೆ ಇಡಲು ಜಾಗ ಸಾಲದೆ ಮುಂದೆಯೇ ಇಟ್ಟಳು.

ಮರುದಿನ ಒಲೆ ಹೊತ್ತಿತು. ಮೊದಲು ಬಂದವನು ಫೌಂಡ್ರಿಯವನು. ಉಂಡು ರೂಪಾಯಿ ಕೊಟ್ಟ. ಅಕ್ಕ ಡಬ್ಬಿ ತೆಗೆದು ನೋಡಿದಳು, ಖಾಲಿ. ಅವನ ಕಣ್ಣು ಗೂಡಿನ ಕಡೆ ಹೋಯಿತು, ಆ ದೊಡ್ಡ ಗಂಟಿನ ಕಡೆ.

"ಅದರ ಕಡೆ ಕಣ್ಣ ಹಾಕಬ್ಯಾಡ. ಅದು ತಾಯೀದು," ಅಂದಳು ಅಕ್ಕ.

ಬುಟ್ಟಿಯಿಂದ ಎರಡು ಉಳ್ಳಾಗಡ್ಡಿ ಆರಿಸಿ ಅವನ ಕೈಯಲ್ಲಿಟ್ಟಳು. ಅವನು ಒಂದನ್ನು ತಿರುಗಿ ಕೊಟ್ಟು, ಅದಕ್ಕಿಂತ ತುಸು ದೊಡ್ಡದನ್ನು ತೆಗೆದುಕೊಂಡ.